ಪಿನ್ನು ಇತ್ತು ಎಂದೆ

ನಿವೃತ್ತಿಯಾದ ವರ್ಷ ನನಗೆ ಸೈಕಲಿನಲ್ಲಿ ಕನ್ಯಾಕುಮಾರಿಗೆ ಹೋಗುವ ಹುಚ್ಚು ಹಿಡಿಯಿತು. ಗುಡಾರ, ಒಲೆ, ಬಟ್ಟೆಬರೆ ಹೇರಿಕೊಳ್ಳಲು ಸೈಕಲಿನ ಹಿಂದೆ ಎಳೆಯುವ ಟ್ರೇಲರ್ ಬೇಕಿತ್ತು. ದರ್ಬೆಯಲ್ಲಿ ನನಗೆ ಬಹಳ ವರ್ಷಗಳಿಂದ ಗೊತ್ತಿದ್ದ ವೆಲ್ಡರ್ ಒಬ್ಬರ ಬಳಿಗೆ ಹೋದೆ. ನಮ್ಮ ಮನೆಯ ಗೇಟು, ಕಿಟಕಿಯ ಸರಳು ಎಲ್ಲ ಅವರ ಕೈಯದೇ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ತಮ್ಮ ಕಣ್ಣಿನ ಮೇಲೆ ನಂಬಿಕೆ ಹೋಗಿತ್ತು. ಆಗುವುದಿಲ್ಲ ಎಂದರು. ಹಟ ಹಿಡಿದರೆ ನಾನು ಯಾರ ಮಾತನ್ನೂ ಕೇಳುವವನಲ್ಲ. ದುಂಬಾಲು ಬಿದ್ದು ಒಪ್ಪಿಸಿದೆ.

ಎರಡು ವಾರ ಕಳೆದು ಟ್ರೇಲರ್ ಕೊಡುವಾಗ, ಮೊದಲು ಭಾರ ಹೇರಿ ಒಂದು ದಿನ ಓಡಿಸಿ ನೋಡುತ್ತೇನೆ ಎಂದೆ. ಅವರು ಹೇಳಿದರು: "ಇದು ಗಾಡಿಗೆ ಮಾತ್ರ ಪರೀಕ್ಷೆ ಅಲ್ಲ, ನನಗೂ ಉಂಟು. ಬೆಸುಗೆ ನಿಂತರೆ ಕೆಲಸ ಮುಂದುವರಿಸುದು. ಬಿಟ್ಟರೆ ಇನ್ನು ಸಾಕು."

ಇಪ್ಪತ್ತೈದು ಕಿಲೋ ಕುಚ್ಚಲಕ್ಕಿ ಹೇರಿ ಮರುದಿನ ಬೆಳಿಗ್ಗೆಯೇ ಹೊರಟೆ. ಜಾಲ್ಸೂರು, ಸುಳ್ಯ ದಾಟಿ ಕಲ್ಲುಗುಂಡಿಯವರೆಗೆ ಟ್ರೇಲರ್ ಚೂರೂ ಅಲುಗದೆ ಬಂತು. ಅಲ್ಲಿ ಚಹಾ ಕುಡಿಯಲು ನಿಂತಾಗ, ಸೈಕಲಿಗೆ ಸಿಕ್ಕಿಸುವ ಕೊಂಡಿಯ ಪಿನ್ನು ತೆಗೆದು ಟ್ರೇಲರನ್ನು ಬದಿಗಿಟ್ಟೆ. ಹೊರಡುವಾಗ ನೋಡಿದರೆ ಪಿನ್ನು ಇಲ್ಲ. ನಾಲ್ಕು ಹೆಜ್ಜೆ ನಡೆದಿದ್ದರೆ ರಿಪೇರಿ ಅಂಗಡಿಯಿತ್ತು. ನನಗೆ ಅಷ್ಟು ತಾಳ್ಮೆ ಎಲ್ಲಿಂದ? ರಸ್ತೆಯ ಪಕ್ಕ ರಬ್ಬರ್ ತೋಟ. ರಬ್ಬರ್ ಹಾಲು ಹಿಡಿಯುವ ತೆಂಗಿನ ಚಿರಟೆಯನ್ನು ಮರಕ್ಕೆ ಕಟ್ಟುವ ಸಪೂರ ಕಬ್ಬಿಣದ ಸರಿಗೆ ನಮ್ಮ ಕಡೆ ಸರ್ವರೋಗಕ್ಕೂ ಮದ್ದು. ಮುರಿದ ಕೊಡೆಗೂ ಅದೇ, ಸ್ಕೂಟರಿನ ನಂಬರ್ ಪ್ಲೇಟಿಗೂ ಅದೇ. ಹಾಲು ನಿಂತ ಮುದಿ ಮರವೊಂದರಿಂದ ಬಿಚ್ಚಿ, ಪಿನ್ನಿನ ತೂತಿಗೆ ತೂರಿಸಿ, ಮೂರು ಸುತ್ತು ತಿರುಚಿದೆ.

ಇಳಿಜಾರಿನಲ್ಲಿ ಸರಿಗೆ ಬಿಚ್ಚಿಕೊಂಡಿತು. ಟ್ರೇಲರ್ ನನ್ನನ್ನೇ ಹಿಂದೆ ಹಾಕಿ ಓಡಿ ಮೋರಿಯ ಕಟ್ಟೆಗೆ ಗುದ್ದಿತು. ಗುದ್ದಿದ ಏಟಿಗೆ ಕೊಂಡಿಯ ಬುಡದ ಬೆಸುಗೆ ಬಿಟ್ಟಿತು. ಅಕ್ಕಿ ಚರಂಡಿಪಾಲು. ನಾನು ಮೊದಲು ಮಾಡಿದ ಕೆಲಸವೆಂದರೆ ತೂತಿನಲ್ಲಿ ನೇತಾಡುತ್ತಿದ್ದ ಸರಿಗೆಯನ್ನು ಎಳೆದು ಪೊದೆಗೆ ಎಸೆದದ್ದು. ಯಾಕೆ ಎಸೆದೆನೆಂದು ನನಗೆ ಆಗಲೇ ಗೊತ್ತಿತ್ತು.

ಸಂಜೆ ಪಿಕಪ್ಪಿನಲ್ಲಿ ತಂದು ದರ್ಬೆಯಲ್ಲಿ ಅವರ ಶೆಡ್ಡಿನ ಎದುರು ಇಳಿಸಿದೆ. ಅವರು ಮುರಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ಪಿನ್ನು ಸರಿ ಇತ್ತಾ ಎಂದು ಒಂದೇ ಒಂದು ಪ್ರಶ್ನೆ ಕೇಳಿದರು.

"ಇತ್ತು," ಎಂದೆ.

ಅವರು ತಲೆಯಾಡಿಸಿ ಒಳಗೆ ಹೋದರು. ಆಮೇಲೆ ನಾನು ಆ ದಾರಿಯನ್ನೇ ಬಿಟ್ಟೆ. ಯಾರಾದರೂ ವೆಲ್ಡಿಂಗ್ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅವರು ಶೆಡ್ಡು ಮುಚ್ಚಿದರು, ಮೆಷಿನನ್ನು ಕಡಬದ ಕಡೆಯವರು ಯಾರೋ ಕ್ರಯಕ್ಕೆ ಒಯ್ದರು ಎಂದು ಕೇಳಿದ ಮೇಲೂ ಒಂದು ತಿಂಗಳು ಸುಮ್ಮನಿದ್ದೆ. ಆ ಒಂದು ತಿಂಗಳಿಗೆ ನನ್ನಲ್ಲಿ ಯಾವ ನೆಪವೂ ಇಲ್ಲ.

ಕೊನೆಗೆ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ, ಬೈದಿದ್ದರೆ ನನಗೆ ಸುಖವಿತ್ತು. ಅವರು ಎದ್ದು ನಿಂತು ಹೆಂಡತಿಯನ್ನು ಕರೆದರು.

"ಇವಳ ಎದುರು ಇನ್ನೊಮ್ಮೆ ಹೇಳಿ ಮಾರಾಯ್ರೆ, ನನ್ನ ಬೆಸುಗೆ ತಾನಾಗಿ ಬಿಟ್ಟದ್ದಲ್ಲ ಅಂತ."

ಮತ್ತೆ ಮೊದಲಿನಿಂದ ಹೇಳಿದೆ. ಅವರ ಮುಖ ಅರಳಿತು. ಮನೆಯವರೆಗೆ ಬಂದು ಹೇಳಿದ್ದು ದೊಡ್ಡ ಉಪಕಾರ ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಹೆಂಡತಿ ಮಾತ್ರ ಬಾಗಿಲಲ್ಲೇ ನಿಂತಿದ್ದರು.

"ಮೆಷಿನ್ ಹೋಗುವ ಮೊದಲು ಬರ್ಲಿಕ್ಕೆ ನಿಮಗೆ ಪುರುಸೊತ್ತು ಆಗ್ಲಿಲ್ಲ ಅಲ್ವಾ," ಎಂದರು.

ಅವರ ಗಂಡ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ.