ಚಿನ್ನ ಎದ್ದುಹೋದ ಕೊಡ ಮತ್ತು ರುದ್ರಸ್ವಾಮಿ ಮೇಷ್ಟ್ರು

ಮೈಸೂರು ಸೀಮೆಯಲ್ಲಿ ಚಿತ್ರ ಬರೆಯುವವರಿಗೆ ಎಂದೂ ಬರವಿರಲಿಲ್ಲ. ಬರೆದ ಚಿತ್ರವನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ನಾಲ್ಕು ಜನ ನಿಂತು ನೋಡುವ ಗೋಡೆಯವರೆಗೆ ಮುಟ್ಟಿಸುವವರಿಗೆ ಮಾತ್ರ ಬರವಿತ್ತು. ಆ ಕೊರತೆಯನ್ನು ಹದಿನೆಂಟು ವರ್ಷಗಳಿಂದ ಹೆಗಲುಕೊಟ್ಟು ನೀಗಿದವರು, ಈ ವರ್ಷ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕ ವೃತ್ತಿಯಿಂದಲೂ ನಮ್ಮ ಚಿತ್ರಾಭಿಮಾನಿ ಸಂಘದ ಕಾರ್ಯದರ್ಶಿ ಸ್ಥಾನದಿಂದಲೂ ಒಟ್ಟಿಗೆ ನಿವೃತ್ತರಾಗುತ್ತಿರುವ ಶ್ರೀ ರುದ್ರಸ್ವಾಮಿಯವರು. ಹದಿನೆಂಟು ವರ್ಷಗಳ ನಡುವೆ ಒಂದೇ ಒಂದು ವರ್ಷ ಅವರು ಆ ಸ್ಥಾನದಲ್ಲಿರಲಿಲ್ಲ. ಆ ಒಂದು ವರ್ಷ ಏಕೆ ಇರಲಿಲ್ಲವೆಂಬುದನ್ನು ಹೇಳಿದರೆ ಉಳಿದ ಹದಿನೇಳರ ಬೆಲೆ ತಾನಾಗಿ ತಿಳಿಯುತ್ತದೆ.

ರುದ್ರಸ್ವಾಮಿಯವರು ಹುಟ್ಟಿದ್ದು ಚಿತ್ರಗಾರರ ಮನೆಯಲ್ಲಿ. ಅವರ ತಂದೆ ಹಳೆಯ ಪದ್ಧತಿಯವರು. ಮರದ ಹಲಗೆಗೆ ಕಾಗದ ಅಂಟಿಸಿ, ಬಿಳಿಯ ಸಫೇದಾ ಪುಡಿಗೆ ಗೋಂದು ಕಲಸಿ ಚಿತ್ರದ ದೇವರ ಒಡವೆಗಳನ್ನು ಉಬ್ಬಿಸಿ, ಆ ಉಬ್ಬಿನ ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದವರು. ಮಗ ಸಫೇದಾ ಅರೆಯುತ್ತಲೇ ಬೆಳೆದರೂ ಮುಂದೆ ಶಾಲೆಯಲ್ಲಿ ಕಲಿತದ್ದು ಜಲವರ್ಣ. ಸ್ವಾತಂತ್ರ್ಯ ಬಂದ ಮರುವರ್ಷ, ಅಂದರೆ ೧೯೪೮ರಲ್ಲಿ, ಊರಿನ ಕೆಲವು ಹಿರಿಯರು ಸೇರಿ ಸಂಘ ಕಟ್ಟಿ, ಮೈಸೂರು ಸೀಮೆಯ ಊರೂರಿನವರಿಗೂ ತೆರೆದ ಚಿತ್ರಸ್ಪರ್ಧೆಯೊಂದನ್ನು ನಡೆಸಲು ಹೊರಟಾಗ, ಕೈಕೆಸರಾಗುವ ಕೆಲಸವನ್ನೆಲ್ಲ ಯಾರಿಗೆ ಒಪ್ಪಿಸುವುದೆಂಬ ಪ್ರಶ್ನೆ ಬಂತು. ಅಂದಿನ ಅಧ್ಯಕ್ಷರಾದ ವೃಷಭೇಂದ್ರಪ್ಪನವರು ಸುತ್ತ ಒಮ್ಮೆ ನೋಡಿ, “ಮೇಷ್ಟ್ರು ಇದಾರಲ್ಲ, ಮಾಡ್ತಾರೆ ಬುಡಿ” ಎಂದರಂತೆ. ಮೇಷ್ಟ್ರು ಮಾಡಿದರು.

ಹೇಗೆ ಮಾಡಿದರೆಂಬುದು ಮುಖ್ಯ. ನಂಜನಗೂಡಿನಿಂದ, ತಿರುಮಕೂಡಲಿನಿಂದ, ಹುಣಸೂರಿನಿಂದ ಚಾಪೆಯಲ್ಲಿ ಸುತ್ತಿ, ಹಳೆಯ ಸೀರೆಯಲ್ಲಿ ಗಂಟುಕಟ್ಟಿ ಬಂದ ಚಿತ್ರಗಳನ್ನು ಅವರು ತಾವೇ ಬಿಚ್ಚಿ, ದಾಖಲೆ ಪುಸ್ತಕದಲ್ಲಿ ‘ಬಂದಾಗಿನ ಸ್ಥಿತಿ’ ಎಂಬ ಅಂಕಣದೆದುರು ತಮ್ಮ ದುಂಡನೆಯ ಅಕ್ಷರದಲ್ಲಿ ‘ಅಚ್ಚುಕಟ್ಟು’ ಎಂದೋ, ‘ಎಡಮೂಲೆ ಸವೆದಿದೆ’ ಎಂದೋ ಬರೆದುಕೊಳ್ಳುತ್ತಿದ್ದರು. ಆಯ್ಕೆಯಾಗದ ಚಿತ್ರಗಳನ್ನು ಹಿಂತಿರುಗಿಸುವಾಗಲೂ ಆಯ್ಕೆಯಾದವುಗಳಿಗೆ ಸುತ್ತುವ ಕಾಗದವನ್ನೇ ಸುತ್ತುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಆ ಚಿತ್ರ ಗೆದ್ದು ಬಂದಿತೋ ಸೋತು ಬಂದಿತೋ ತಿಳಿಯಬಾರದೆಂಬುದು ಅವರ ಲೆಕ್ಕಾಚಾರ. ಪ್ರದರ್ಶನದಲ್ಲಿ ಚಿತ್ರ ತೂಗುಹಾಕುವ ಎತ್ತರ ಅಳೆಯಲು ಅವರ ಬಳಿ ಗುರುತು ಕೊರೆದ ಬಿದಿರು ಕೋಲೊಂದಿತ್ತು. ಆ ಗುರುತು ಅವರ ತಾಯಿಯವರ ಕಣ್ಣಿನ ಮಟ್ಟದ್ದು. “ಎತ್ತರದೋರು ಬಗ್ಗಿ ನೋಡ್ಲಿ ಕಣ್ರೀ, ಅವ್ರಿಗೇನು ಸೊಂಟ ನೋವೇ?” ಎನ್ನುತ್ತಿದ್ದರು.

ಇನ್ನೊಂದು ಪದ್ಧತಿ ಸಂಘದ್ದು. ಮೊದಲ ಸುತ್ತಿನ ತೀರ್ಪುಗಾರರಿಗೆ ಚಿತ್ರ ಯಾರದೆಂದು ತಿಳಿಯದಿರಲೆಂದು, ಚಿತ್ರದ ಮೂಲೆಯ ಸಹಿಯ ಮೇಲೆ ಸಂಖ್ಯೆ ಬರೆದ ಕಾಗದದ ಚೀಟಿಯೊಂದನ್ನು ಮೈದಾ ಅಂಟಿನಿಂದ ಮೆತ್ತುತ್ತಿದ್ದರು. ಅಂತಿಮ ಸುತ್ತಿಗೆ ಹನ್ನೆರಡು ಚಿತ್ರಗಳು ಆಯ್ಕೆಯಾದ ಮೇಲೆ, ಪ್ರದರ್ಶನಕ್ಕೆ ಮುಂಚೆ, ಆ ಚೀಟಿಗಳನ್ನು ಒದ್ದೆ ಬಟ್ಟೆಯಿಂದ ನೆನೆಸಿ ಎಬ್ಬಿಸಿ ಹೆಸರುಗಳನ್ನು ಬಯಲುಮಾಡುತ್ತಿದ್ದರು. ಎಂಟು ವರ್ಷ ಇದು ಸುಗಮವಾಗಿ ನಡೆದಿತ್ತು.

ಒಂಬತ್ತನೆಯ ವರ್ಷ, ೧೯೫೬ರಲ್ಲಿ, ಕುಂಬಾರಕೊಪ್ಪಲಿನಿಂದ ಚಂದ್ರಮತಿ ಎಂಬ ಗೃಹಿಣಿಯ ಚಿತ್ರ ಬಂತು. ಅವಳೇ ಈ ಲೇಖನವನ್ನು ಬರೆಯುತ್ತಿರುವವಳು. ತನ್ನ ಸಂಗತಿಯನ್ನು ತಾನೇ ಹೇಳಿಕೊಳ್ಳುವ ಸಂಕೋಚದಿಂದ ಅವಳನ್ನು ದೂರ ನಿಲ್ಲಿಸಿ ಹೇಳುವುದನ್ನು ಓದುಗರು ಮನ್ನಿಸಬೇಕು. ಗಂಡ ಗಿರಣಿಯ ಪಾಳಿಯಲ್ಲಿ, ಮೂರು ಮಕ್ಕಳು, ಅತ್ತೆ. ಅವಳಿಗೆ ದೊರೆಯುತ್ತಿದ್ದ ಹೊತ್ತು ಮಧ್ಯಾಹ್ನದ ಊಟದ ಪಾತ್ರೆ ತೊಳೆದ ಮೇಲೆ ಮಕ್ಕಳು ಶಾಲೆಯಿಂದ ಬರುವವರೆಗಿನ ಒಂದು ತುಣುಕು. ಹಳೆಯ ಪದ್ಧತಿಯ ಚಿನ್ನದ ಕೆಲಸವನ್ನು ತವರಿನಲ್ಲಿ ಕಲಿತಿದ್ದಳು. ಹಿಂದಿನ ಎರಡು ವರ್ಷ ಅವಳು ಕಳಿಸಿದ ದೇವರ ಪಟಗಳು ಆಯ್ಕೆಯಾಗಿರಲಿಲ್ಲ. ಎರಡನೆಯ ಬಾರಿ ಪಟ ಹಿಂತಿರುಗಿಸುವಾಗ ರುದ್ರಸ್ವಾಮಿಯವರು, “ಕೈ ಚೆನ್ನಾಗಿದೆ ಕಣಮ್ಮ. ಆದ್ರೆ ಇದು ನಿಮ್ಮ ಗುರುಗಳು ನೋಡಿದ ದೇವರು. ನೀವು ದಿನಾ ಏನು ನೋಡ್ತೀರೋ ಅದನ್ನ ಬರೀರಿ” ಎಂದಿದ್ದರು.

ಅವಳು ದಿನವೂ ನೋಡುತ್ತಿದ್ದುದು ಬೀದಿಯ ನಲ್ಲಿ. ಅದನ್ನೇ ಬರೆದಳು: ನೀರು ಬರುವ ಮುನ್ನ ಸಾಲಾಗಿ ಇಟ್ಟ ಕೊಡಗಳು, ಸುತ್ತ ಸೆರಗು ಬಿಗಿದು ಜಗಳಕ್ಕೆ ನಿಂತ ಹೆಂಗಸರು. ದೇವರ ಕಿರೀಟಕ್ಕೆ ಮಾಡುವಂತೆಯೇ ಒಂದೊಂದು ಕೊಡಕ್ಕೂ ಉಬ್ಬುಗೆಲಸ ಮಾಡಿ ಚಿನ್ನದ ರೇಕು ಕೂರಿಸಿದಳು. ಬಲಮೂಲೆಯ ಕೊನೆಯ ಕೊಡದ ಕುತ್ತಿಗೆಗೆ ಬಳಸಿದ ಬಳ್ಳಿಯಲ್ಲಿ ತನ್ನ ಹೆಸರನ್ನೂ ಉಬ್ಬಿಸಿ ಬರೆದಳು. ಅತ್ತೆ ಪುಟ್ಟಬಸಮ್ಮನವರು ನೋಡಿ, “ನಮ್ಮ ತೂತು ಕೊಡಕ್ಕೂ ಚಿನ್ನ ಹಾಕ್ಬುಟ್ಯಲ್ಲೇ! ನಾಳೆ ನಲ್ಲಿ ಹತ್ರ ಕಳ್ಳರು ಬತ್ತಾರೆ” ಎಂದು ನಕ್ಕರು. ಅವಳಿಗೆ ಈ ಬಾರಿ ಆಯ್ಕೆಯಾಗಲೇಬೇಕಿತ್ತು. ಊರಿನ ಬಾಲಿಕಾ ಶಾಲೆಯೊಂದಕ್ಕೆ ಚಿತ್ರಕಲೆಯ ಶಿಕ್ಷಕಿ ಬೇಕಾಗಿದ್ದರು; ಮುಖ್ಯೋಪಾಧ್ಯಾಯಿನಿ ಅಂಬುಜಮ್ಮನವರು, ಅಂತಿಮ ಪ್ರದರ್ಶನದಲ್ಲಿ ಯಾರ ಚಿತ್ರವಿರುವುದೋ ಅವರಲ್ಲೊಬ್ಬರನ್ನು ಅಲ್ಲಿಯೇ ನೋಡಿ ಆರಿಸುವುದಾಗಿ ಹೇಳಿದ್ದರು.

ಚಿತ್ರ ಆಯ್ಕೆಯಾಯಿತು. ಹನ್ನೆರಡರಲ್ಲೊಂದು.

ನವರಾತ್ರಿಯ ಪ್ರದರ್ಶನಕ್ಕೆ ಮೂರು ದಿನವಿರುವಾಗ, ಮಳೆ ಹಿಡಿದಿದ್ದ ಒಂದು ದಿನ, ರುದ್ರಸ್ವಾಮಿಯವರು ಎಂದಿನಂತೆ ಸಭಾಂಗಣದಲ್ಲಿ ಕೂತು ಚೀಟಿಗಳನ್ನು ನೆನೆಸಿ ಎಬ್ಬಿಸತೊಡಗಿದರು. ತೈಲವರ್ಣಕ್ಕೆ ನೀರು ಏನೂ ಮಾಡದು. ಜಲವರ್ಣದವರು ಸಹಿ ಹಾಕುವುದು ಅಂಚಿನ ಖಾಲಿ ಕಾಗದದ ಮೇಲೆ. ಆದರೆ ಗೋಂದಿನ ಉಬ್ಬುಗೆಲಸಕ್ಕೆ ನೀರು ತಗುಲಿದರೆ ಏನಾಗುತ್ತದೆಂದು ಆ ಸಭಾಂಗಣದಲ್ಲಿದ್ದವರ ಪೈಕಿ ಚೆನ್ನಾಗಿ ಬಲ್ಲವರು ಅವರೊಬ್ಬರೇ. ಸಫೇದಾ ಅರೆದ ಕೈಯೇ ಅದನ್ನು ಮರೆಯಿತು. ಚೀಟಿಯ ಜೊತೆಗೆ ಬಳ್ಳಿ ಎದ್ದುಬಂತು, ಹೆಸರು ಎದ್ದುಬಂತು, ಕೊನೆಯ ಕೊಡದ ಚಿನ್ನವೆಲ್ಲ ಕಾಗದಕ್ಕೆ ಅಂಟಿ ಬಂತು. ಹಲಗೆಯ ಮೇಲೆ ಬಿಳಿಚಿದ ಕೊಡದ ಗುರುತಷ್ಟೇ ಉಳಿಯಿತು.

ಆ ಮೇಲೆ ನಡೆದದ್ದನ್ನು ಅಲ್ಲೇ ಚಿತ್ರಗಳಿಗೆ ಮೊಳೆ ಎಣಿಸುತ್ತಿದ್ದ ಸಂಘದ ಸದಸ್ಯ ಶಾಮಣ್ಣನವರು ಅನೇಕ ಬಾರಿ ಹೇಳಿದ್ದಾರೆ. ವೃಷಭೇಂದ್ರಪ್ಪನವರು ಬಂದು ನೋಡಿ, ಸಂಘದ ಮರ್ಯಾದೆ ಹೋಗುತ್ತದೆಂದು ಕಳವಳಗೊಂಡು, ತಗ್ಗಿದ ದನಿಯಲ್ಲಿ ಹೇಳಿದರು: “ಒಂದು ಸಾಲು ಬರೆದ್ಬುಡಿ ಮೇಷ್ಟ್ರೇ. ಬರುವಾಗ್ಲೇ ಹಿಂಗಿತ್ತು ಅಂತ.”

“ಬರೆದಾಗಿದೆ ಸ್ವಾಮಿ. ಅಚ್ಚುಕಟ್ಟು ಅಂತ.”

“ಅದನ್ನ ತಿದ್ದಿ ಅಂತ್ಲೇ ನಾನ್ ಹೇಳ್ತಿರೋದು.”

“ಚಿತ್ರ ಕೆಡಿಸಿದ್ದೇ ಸಾಕು. ಪುಸ್ತಕಾನೂ ಕೆಡಿಸ್ಲಾ?”

ಅಧ್ಯಕ್ಷರು ಬಾಗಿಲವರೆಗೆ ಹೋಗಿ ತಿರುಗಿ, “ಹಂಗಾದ್ರೆ ನಿಮ್ಮ ಕಾರ್ಯದರ್ಶಿಗಿರಿ ಬಗ್ಗೆ ಸಭೇಲಿ ಮಾತಾಡ್ಬೇಕಾಗುತ್ತೆ” ಎಂದರು. “ಮಾತಾಡಿ” ಎಂದು ಇವರು ಚಿತ್ರವನ್ನು ತಮ್ಮ ಶಲ್ಯದಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಲು ಮನಸ್ಸಾಗದೆ, ಕಂಕುಳಲ್ಲಿ ಹಿಡಿದು ಕುಂಬಾರಕೊಪ್ಪಲಿಗೆ ನಡೆದೇ ಬಂದರು.

ಚಂದ್ರಮತಿ ಆ ಹೊತ್ತು ಚಿಕ್ಕ ಮಗುವಿನ ತಲೆ ಬಾಚುತ್ತಿದ್ದಳು. ಶಲ್ಯ ಬಿಚ್ಚಿದಾಗ ಅವಳ ಬಾಯಿಂದ ಬಂದ ಮಾತು ಇಂದಿಗೂ ಅವಳಿಗೆ ನಾಚಿಕೆ ತರುವಂಥದು: “ನಿಮ್ಮ ಮೈದಾ ಅಂಟಿಗೆ ಊಟಕ್ಕೆ ನನ್ನ ಹೆಸರೇ ಬೇಕಿತ್ತಾ ಮೇಷ್ಟ್ರೇ? ಒಂದು ವರ್ಷ ಕೂತು ಮಾಡಿದ್ದು ಕಣ್ರೀ ಇದು!” ವಯಸ್ಸಿನಲ್ಲಿ ಹಿರಿಯರು, ಊರಿಗೆ ಬೇಕಾದವರು, ಅವಳ ಮನೆಯ ಜಗುಲಿಯ ಕೆಳಗೆ ಚಪ್ಪಲಿ ಬಿಟ್ಟು ನಿಂತು ಅಷ್ಟನ್ನೂ ಕೇಳಿಸಿಕೊಂಡರು. ಮಳೆಯ ಥಂಡಿಯನ್ನಾಗಲಿ ಕೆಲಸದ ಅವಸರವನ್ನಾಗಲಿ ನೆಪಮಾಡಲಿಲ್ಲ. “ತಪ್ಪು ನಂದು. ನಮ್ಮಪ್ಪ ಇದ್ದಿದ್ರೆ ಈ ಕೈಗೆ ಬಾರಿಸೋರು” ಎಂದಷ್ಟೇ ಹೇಳಿದರು. ಪುಟ್ಟಬಸಮ್ಮನವರು ಒಳಗಿನಿಂದ ಒಂದು ಲೋಟ ಮಜ್ಜಿಗೆ ತಂದು ಅವರ ಕೈಗಿತ್ತು, ಸೊಸೆಯ ಕಡೆ ತಿರುಗಿ, “ಆಯ್ತು ಸುಮ್ಕಿರೇ, ಬೈದಿದ್ದು ಸಾಕು. ಈಗ ಏನ್ ಮಾಡೋದು ಕೇಳು” ಎಂದರು.

ಮಾಡುವುದಕ್ಕೆ ಇದ್ದದ್ದು ಎರಡೇ. ಉಬ್ಬುಗೆಲಸ ಪದರಪದರವಾಗಿ ಒಣಗಬೇಕು, ಆ ಥಂಡಿಯಲ್ಲಿ ಮೂರು ದಿನಕ್ಕೆ ಒಣಗದು. ಆದ್ದರಿಂದ ಚಂದ್ರಮತಿ ತಿದ್ದುವಂತಿಲ್ಲ. ಬೇರೆಯವರ ಕೈ ತಗುಲಿದರೆ ಸ್ಪರ್ಧೆಯಿಂದಲೇ ಹೊರಗೆ. ಆದ್ದರಿಂದ ರುದ್ರಸ್ವಾಮಿಯವರು ಬೇಗ ಒಣಗುವ ಬಣ್ಣದಿಂದ ಮರೆಮಾಚುವಂತೆಯೂ ಇಲ್ಲ. ಒಂದೋ ಚಿತ್ರವನ್ನು ಹಿಂದಕ್ಕೆ ಪಡೆಯಬೇಕು, ಇಲ್ಲವೇ ಕುಂದಿನೊಡನೆಯೇ ತೂಗುಹಾಕಬೇಕು. ಅವಳು ಶಲ್ಯವನ್ನು ಮತ್ತೆ ಚಿತ್ರಕ್ಕೆ ಸುತ್ತಿ ಅವರ ಮುಂದಿಟ್ಟಳು.

“ಹಾಕಿ ಮೇಷ್ಟ್ರೇ. ಆದ್ರೆ ನೋಡಿದೋರು ಇವಳಿಗೆ ಕೆಲಸ ಮುಗಿಸೋಕೆ ಬರಲ್ಲ ಅಂದ್ಕೊತಾರೆ.”

“ಅಂದ್ಕೊಳಲ್ಲ. ಅದು ನನ್ನ ಜವಾಬ್ದಾರಿ.”

ಪ್ರದರ್ಶನದ ದಿನ ಅವಳು ಮೂವರು ಮಕ್ಕಳನ್ನೂ ಕಟ್ಟಿಕೊಂಡು ಸಭಾಂಗಣಕ್ಕೆ ಹೋದಾಗ ಅವಳ ಚಿತ್ರದೆದುರು ಜನ ಗುಂಪುಗೂಡಿದ್ದರು. ಬಿದಿರು ಕೋಲಿನ ಗುರುತಿಗೆ ಸರಿಯಾಗಿ ತೂಗಿದ್ದ ಚಿತ್ರ, ಅದರ ಪಕ್ಕದಲ್ಲಿ ಚೌಕಟ್ಟು ಹಾಕಿದ, ದುಂಡನೆಯ ಅಕ್ಷರದ ಒಂದು ಹಾಳೆ: “ಇದು ಕುಂಬಾರಕೊಪ್ಪಲಿನ ಶ್ರೀಮತಿ ಚಂದ್ರಮತಿಯವರ ಚಿತ್ರ. ಸಂಘಕ್ಕೆ ಬಂದಾಗ ಅಚ್ಚುಕಟ್ಟಾಗಿತ್ತು. ಬಲಮೂಲೆಯ ಕೊಡದ ಚಿನ್ನವೂ ಅವರ ಹೆಸರೂ ನನ್ನ ಕೈತಪ್ಪಿನಿಂದ ಎದ್ದುಹೋಗಿವೆ. ಉಳಿದ ಕೊಡಗಳನ್ನು ನೋಡಿದರೆ ಅದು ಹೇಗಿತ್ತೆಂದು ತಿಳಿಯುತ್ತದೆ. — ರುದ್ರಸ್ವಾಮಿ, ಕಾರ್ಯದರ್ಶಿ.” ಅದನ್ನು ಓದಿದವರೆಲ್ಲ ಮತ್ತೆ ಚಿತ್ರದತ್ತ ಬಗ್ಗಿ, ಒಂದೊಂದೇ ಕೊಡವನ್ನು ಹತ್ತಿರದಿಂದ ನೋಡತೊಡಗಿದ್ದರು. ಆ ದಿನ ಸಭಾಂಗಣದಲ್ಲಿ ಅಷ್ಟು ಗಮನವಿಟ್ಟು ನೋಡಿಸಿಕೊಂಡ ಚಿತ್ರ ಇನ್ನೊಂದಿರಲಿಲ್ಲ.

ಬಹುಮಾನ ಅವಳಿಗೆ ಬರಲಿಲ್ಲ. ಕುಂದಿರುವ ಚಿತ್ರಕ್ಕೆ ಕೊಡುವ ನಿಯಮವಿರಲಿಲ್ಲ. ಆದರೆ ಅಂಬುಜಮ್ಮನವರು ಹಾಳೆಯನ್ನೂ ಚಿತ್ರವನ್ನೂ ಎರಡೆರಡು ಬಾರಿ ನೋಡಿ, ಮಕ್ಕಳ ನಡುವೆ ನಿಂತಿದ್ದವಳನ್ನು ಕರೆದು, “ಏನಮ್ಮಾ, ಈ ಹೆಂಗಸರ ಜಗಳ ಕೇಳಿಸ್ತಾ ಇದೆ ನಂಗೆ. ಸೋಮವಾರ ಶಾಲೆಗೆ ಬರ್ತೀರಾ?” ಎಂದರು. ಹತ್ತು ವರ್ಷಗಳಿಂದ ಅವಳು ಆ ಶಾಲೆಯಲ್ಲಿದ್ದಾಳೆ. ಅವಳ ಮೂವರು ಮಕ್ಕಳ ಓದು ಆ ಸೋಮವಾರ ಸಿಕ್ಕ ಕೆಲಸದಿಂದ ನಡೆದದ್ದು.

ರುದ್ರಸ್ವಾಮಿಯವರ ಕಾರ್ಯದರ್ಶಿತ್ವ ಮುಂದಿನ ಸಭೆಯಲ್ಲಿ ಹೋಯಿತು. ಮರುವರ್ಷ ಅವರು ಸಾಮಾನ್ಯ ಸದಸ್ಯರಾಗಿ ಕೋಲು ಹಿಡಿದು ಬಂದು ಚಿತ್ರಗಳನ್ನು ತೂಗುಹಾಕಿದರು. ಕಾರ್ಯದರ್ಶಿಯಾದವರು ಸ್ಪರ್ಧಿಸುವಂತಿಲ್ಲವೆಂಬ ನಿಯಮ ಆ ವರ್ಷ ಅವರಿಗೆ ತಗುಲುತ್ತಿರಲಿಲ್ಲ. ಈಗಲಾದರೂ ಒಂದು ಚಿತ್ರ ಕಳಿಸಿ ಎಂದು ಶಾಮಣ್ಣನವರು ಒತ್ತಾಯಿಸಿದಾಗ, “ಹೋದ ವರ್ಷ ಗೋಡೆ ಮೇಲೆ ನನ್ನ ಹೆಸರು ಬೇಕಾದಷ್ಟು ಓದವ್ರೆ ಜನ, ಸಾಕು” ಎಂದು ನಕ್ಕುಬಿಟ್ಟರು. ಅದರ ಮುಂದಿನ ವರ್ಷ ಅವರನ್ನು ಮತ್ತೆ ಆ ಸ್ಥಾನಕ್ಕೆ ಕರೆತಂದವರು ವೃಷಭೇಂದ್ರಪ್ಪನವರೇ ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ಹೇಳಬೇಕು. ಮೇಷ್ಟ್ರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಇನ್ನು ಅಂಟು ಬೇಡ. ಅಂದಿನಿಂದ ಸಹಿಯ ಮೇಲೆ ಪುಟ್ಟ ಬಟ್ಟೆಯ ತುಂಡೊಂದನ್ನು ಇಳಿಬಿಟ್ಟು, ಅದರ ದಾರವನ್ನು ಚೌಕಟ್ಟಿನ ಹಿಂದೆ ಗಂಟುಹಾಕುವ ಪದ್ಧತಿ ಬಂತು. ಆ ಬಟ್ಟೆಗಳನ್ನೆಲ್ಲ ಇಷ್ಟು ವರ್ಷವೂ ಅವರೇ ಒಗೆದು, ಇಸ್ತ್ರಿ ಮಾಡಿ ಎತ್ತಿಟ್ಟಿದ್ದಾರೆ.

ಕೊಡವನ್ನು ಚಂದ್ರಮತಿ ಮತ್ತೆ ತಿದ್ದಲಿಲ್ಲ. ತಿದ್ದಿಕೊಡುತ್ತೇನೆಂದು ಮೇಷ್ಟ್ರು ಎಷ್ಟೋ ಸಲ ಕೇಳಿದ್ದಾರೆ, ಅವಳು ಕೊಟ್ಟಿಲ್ಲ. ಚಿತ್ರ ಈಗ ಅವಳ ತರಗತಿಯಲ್ಲಿದೆ, ಹಾಳೆಯೂ ಪಕ್ಕದಲ್ಲಿದೆ. ಪ್ರತಿ ವರ್ಷ ಹೊಸ ಹುಡುಗಿಯರು ಬಂದು ಓದುತ್ತಾರೆ, ಆಮೇಲೆ ಬಗ್ಗಿ ಕೊಡಗಳನ್ನು ನೋಡುತ್ತಾರೆ.

ನಿವೃತ್ತಿಯೊಡನೆ ರುದ್ರಸ್ವಾಮಿಯವರಿಗೆ ಕಾರ್ಯದರ್ಶಿ ಸ್ಪರ್ಧಿಸಬಾರದೆಂಬ ನಿಯಮದ ಕಟ್ಟೂ ಬಿಟ್ಟಿತು. ತಂದೆಯವರ ಸಫೇದಾ ಅರೆಯುವ ಕಲ್ಲನ್ನು ಅಟ್ಟದಿಂದ ಇಳಿಸಿದ್ದಾರೆಂದು ಅವರ ಮನೆಯವರು ಪಾರ್ವತಮ್ಮನವರು ತಿಳಿಸಿದ್ದಾರೆ. ಈ ಸಾಲಿನಿಂದ ಚಿತ್ರಗಳನ್ನು ಬರಮಾಡಿಕೊಳ್ಳುವ ಕೆಲಸವನ್ನು ಸಂಘ ಚಂದ್ರಮತಿಗೆ ಒಪ್ಪಿಸಿದೆ. ಮೇಷ್ಟ್ರು ನೂರು ವರ್ಷ ಬಾಳಲಿ, ಅವರ ಕಣ್ಣೂ ಕೈಯೂ ಗಟ್ಟಿಯಾಗಿರಲಿ, ಒಂದೊಂದು ವರ್ಷವೂ ಒಂದೊಂದು ಚಿತ್ರ ಮುಗಿಸಲಿ ಎಂಬುದು ನಮ್ಮೆಲ್ಲರ ಪ್ರಾರ್ಥನೆ. ಈ ನವರಾತ್ರಿಗೆ ಮುಂಚೆ ಅವರು ತಮ್ಮ ಮೊದಲ ಚಿತ್ರವನ್ನು ಶಲ್ಯದಲ್ಲಿ ಸುತ್ತಿ ತಂದಾಗ, ಅದನ್ನು ಬಿಚ್ಚಿ, ಅವರ ಹೆಸರಿನ ಮೇಲೆ ಅವರೇ ಒಗೆದಿಟ್ಟ ಬಟ್ಟೆಯನ್ನು ಇಳಿಬಿಟ್ಟು, ದಾರಕ್ಕೆ ಸಡಿಲವಾದ ಗಂಟು ಹಾಕಿ, ಪುಸ್ತಕದಲ್ಲಿ ‘ಅಚ್ಚುಕಟ್ಟು’ ಎಂದು ಬರೆಯಲು ಒಬ್ಬಳು ಕಾದಿದ್ದಾಳೆ.

— ಚಂದ್ರಮತಿ, ಕುಂಬಾರಕೊಪ್ಪಲು, ಮೈಸೂರು, ೧೯೬೬