ಕನ್ನಡದಲ್ಲಿ ಎಣಿಸಿದ ಇಸ್ಪೀಟು

ಎಲೆ ಎಣಿಸುವವರನ್ನು ಆಕ್ಲೆಂಡಿನ ಕ್ಯಾಸಿನೊದವರು ಹೊರಗೆ ಕಳಿಸುತ್ತಾರೆಂದು ಗೊತ್ತಿದ್ದೂ ನಾನು ಎಣಿಸುತ್ತಿದ್ದೆ, ಅದೂ ಗೊಣಗುತ್ತಾ. ಕನ್ನಡ ಇಲ್ಲಿ ಯಾರಿಗೆ ತಿಳಿಯಬೇಕು, ಹೇಳಿ!

ಇಪ್ಪತ್ತೊಂದು ದಾಟಿದವರು ಸೋಲುವ ಆಟ. ನನ್ನದು ಹದಿನಾರು, ಎಲೆ ಹಂಚುವ ಡೀಲರ್ ಹುಡುಗಿಯ ಮುಂದೆ ಹತ್ತು. ವಾಡಿಕೆಯಂತೆ ಇನ್ನೊಂದು ಎಲೆ ಕೇಳಬೇಕು. ಆದರೆ ಸಣ್ಣ ಎಲೆಗಳು ಬಹುಪಾಲು ಆಗಲೇ ಬಂದುಹೋಗಿದ್ದವು. ಉಳಿದವು ಹೆಚ್ಚಾಗಿ ದೊಡ್ಡವು. "ನಾಲ್ಕು, ಐದು... ಸಾಕು, ನಿಲ್ಲಪ್ಪ!" ಎಂದುಕೊಂಡು ಕೈ ಆಡಿಸಿ ಬೇಡವೆಂದೆ. ಅವಳು ತನಗೆ ಆರರ ಎಲೆ ಎಳೆದಳು, ಮೇಲೊಬ್ಬ ರಾಜ ಬಿದ್ದ, ಅವನೂ ಹತ್ತೇ. ಇಪ್ಪತ್ತೊಂದು ದಾಟಿತು, ನಾನು ಗೆದ್ದೆ!

ಚಿಪ್ಸ್ ತಳ್ಳುತ್ತಾ ಅವಳು ಮೆಲ್ಲಗೆ, "ಅಂಕಲ್, ಮನಸ್ಸಿನ್ಯಾಗ ಎಣಸ್ರೀ. ನಾನು ಗದಗಿನಾಕಿ," ಎಂದಳು.

ನನಗೆ ನಗು ತಡೆಯಲಾಗಲಿಲ್ಲ. "ಹಾಗಾದರೆ ತೆಲುಗಿನಲ್ಲಿ ಎಣಿಸಲೇನಮ್ಮ?"

"ಬ್ಯಾಡ್ರೀ. ಹೊರಗ ಹಾಕೋ ಮ್ಯಾನೇಜರ್ ಗುಂಟೂರಿನವ್ರು."