ನರ್ಸಮ್ಮನ ಬುಧವಾರ

ನರ್ಸಮ್ಮನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ತಗ್ಗಾಗಿತ್ತು. ಹೆಗ್ಗದ್ದೆ ಸುತ್ತಿನ ಏರು ದಾರಿಗಳಲ್ಲಿ ಹೆರಿಗೆಯ ಚೀಲ ಹೊತ್ತು ನಡೆದೂ ನಡೆದೂ ಹಾಗಾದದ್ದು. ಸರ್ಕಾರಿ ನರ್ಸ್ ಕೆಲಸದಿಂದ ನಿವೃತ್ತಿಯಾದ ಮೇಲೂ ಅವರು ತಮ್ಮ ಊರಿಗೆ ಹಿಂತಿರುಗಲಿಲ್ಲ. ಅಲ್ಲಿ ತಮ್ಮವರು ಅಂತ ಯಾರೂ ಉಳಿದಿರಲಿಲ್ಲ. ನಮ್ಮೂರಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದರು. ಯಾರಾದರೂ ಗಡಿಬಿಡಿ ಮಾಡಿದರೆ, ಹೆರಿಗೆ ನೋವಿನವರಿಗೆ ಹೇಳುವಂತೆಯೇ, "ಮೊದ್ಲು ಉಸಿರು ಬಿಡು" ಎನ್ನುತ್ತಿದ್ದರು.

ಬುಧವಾರ ಮಧ್ಯಾಹ್ನ ನಮ್ಮ ಮಹಿಳಾ ಸಂಘದವರೆಲ್ಲ ಸಂಘದ ಮನೆಯಲ್ಲಿ ಸೇರುತ್ತಿದ್ದೆವು. ಹೊಲಿಗೆ, ಹರಟೆ. ನರ್ಸಮ್ಮನಿಗೆ ಹೊಲಿಗೆ ಬರುತ್ತಿರಲಿಲ್ಲ. ಗೋಡೆಗೊರಗಿ ಕೂತು ಕೇಳುತ್ತಿದ್ದರು, ಅಷ್ಟೇ.

ತೊಂಬತ್ತರ ದಶಕದ ಕೊನೆಗೆ ಒಮ್ಮೆ ಆಡಳಿತ ಮಂಡಳಿಯ ಐವರು ಅಧ್ಯಕ್ಷೆಯ ಮನೆಯಲ್ಲಿ ಸೇರಿ, ಸಂಘದ ಮನೆಯನ್ನು ಆಕೆಯ ತಮ್ಮನ ಕಾಫಿ ಮೂಟೆ ಇಡುವ ಸ್ಟೋರಿಗೆ ಬಿಟ್ಟುಕೊಡಲು ತೀರ್ಮಾನಿಸಿದರು. ಸದಸ್ಯರನ್ನು ಕೇಳಲಿಲ್ಲ. ಆ ಠರಾವು ಬರೆದ ಕಾರ್ಯದರ್ಶಿ ನಾನೇ. ತಪ್ಪೆಂದು ಗೊತ್ತಿತ್ತು, ಬಾಯಿ ಬಿಡಲಿಲ್ಲ.

ಮಾರನೆಯ ದಿನವೇ ಸುದ್ದಿ ತಿಳಿದ ನರ್ಸಮ್ಮ ನನ್ನಲ್ಲಿಗೆ ಬಂದು ಸಂಘದ ಬೈಲಾ ಕೇಳಿ, ಕೂತು ಪೂರ್ತಿ ಓದಿದರು. ಆಸ್ತಿಯ ವಿಷಯ ಸರ್ವಸದಸ್ಯರ ಸಭೆಯಲ್ಲೇ ತೀರ್ಮಾನವಾಗಬೇಕು, ಮೂರನೇ ಒಂದು ಭಾಗ ಸದಸ್ಯರು ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು ಎಂದಿತ್ತು.

"ಹಂಗಾದ್ರೆ ಸಹಿ ತರ್ತೀನಿ," ಎಂದು ಎದ್ದರು.

ಹತ್ತು ದಿನ ಮನೆಮನೆ ನಡೆದರು. ಒಂದು ದಿನ ನಾನೂ ಜೊತೆಗಿದ್ದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು, "ನಮ್ಮನೆಯವ್ರು ಅಧ್ಯಕ್ಷರ ತೋಟದಾಗೇ ಕೆಲ್ಸ ಮಾಡೋದು ಕಣ್ರಮ್ಮ," ಎಂದಳು.

"ಹೆದ್ರಿಕೆ ಇದ್ರೆ ಬ್ಯಾಡ ಕಣವ್ವ. ಆದ್ರೆ ಪಟ್ಟೀಲಿ ಐತಲ್ಲ, ಅದು ನಿನ್ನ ಹೆಸ್ರು. ನಿನ್ ಗಂಡಂದಲ್ಲ," ಎಂದರು ನರ್ಸಮ್ಮ.

ಅವಳು ಪಟ್ಟಿಯನ್ನು ನೋಡಿ, ಪೆನ್ನಿಗೆ ಕೈ ಚಾಚಿದಳು.

ಸಹಿ ಸಾಕಷ್ಟಾಗಿ ಕರೆದ ವಿಶೇಷ ಸಭೆಯಲ್ಲಿ ಅಧ್ಯಕ್ಷೆ, "ಇದು ಮುಗಿದೋಗಿರೋ ವಿಷ್ಯ," ಎಂದರು. ನರ್ಸಮ್ಮ ನನ್ನತ್ತ ತಿರುಗಿ, "ಕಾರ್ಯದರ್ಶಿ, ಬೈಲಾ ಓದು. ಮೊದ್ಲು ಉಸಿರು ಬಿಡು," ಎಂದರು. ಎದ್ದು ಓದಿದೆ. ಠರಾವು ರದ್ದಾಗಬೇಕೆನ್ನುವವರು ಕೈ ಎತ್ತಿ ಎಂದು ನರ್ಸಮ್ಮ ಕೇಳಿದರು. ಹಿಂದಿನ ಸಾಲಿನಲ್ಲಿ ಆ ಲೈನ್ ಮನೆಯ ಹೆಂಗಸು ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಆಮೇಲೆ ಎಣಿಸುವ ಅಗತ್ಯವೇ ಬೀಳಲಿಲ್ಲ. ರದ್ದಾಯಿತೆಂದು ಅದೇ ಪುಸ್ತಕದಲ್ಲಿ ನಾನೇ ಬರೆದೆ.

ಸಭೆ ಮುಗಿಸಿ ಬರುವಾಗ, "ಈ ವಯಸ್ಸಲ್ಲಿ ಯಾಕೆ ಇಷ್ಟು ಓಡಾಡಿದ್ರಿ?" ಎಂದು ಕೇಳಿದೆ.

"ಮನೇಲಿ ಮಾತಾಡೋರು ಯಾರೂ ಇಲ್ಲ ಕಣೆ. ಬುಧವಾರಾನೂ ಹೋಗ್ಬುಟ್ರೆ ನಂಗೆ ವಾರದಲ್ಲಿ ಏನೈತೆ?"

ನಾನು ಮದುವೆಯಾಗಿ ಆಲೂರಿಗೆ ಬಂದೆ. ಹೆಗ್ಗದ್ದೆಯ ಮನೆಗಳಿಗೆ ಟಿ.ವಿ. ಬಂತು, ಮಧ್ಯಾಹ್ನದ ಧಾರಾವಾಹಿ ಬಿಟ್ಟು ಸಂಘಕ್ಕೆ ಬರುವವರು ಕಡಿಮೆಯಾದರು. ಕೆಲವು ವರ್ಷಗಳ ನಂತರ ಒಂದು ಬುಧವಾರ ಹೋದಾಗ ಸಂಘದ ಮನೆಯ ಬಾಗಿಲು ತೆರೆದಿತ್ತು. ಎಲ್ಲರಿಗೂ ಚಾಪೆ ಹಾಸಿ ನರ್ಸಮ್ಮ ಒಬ್ಬರೇ ಕೂತಿದ್ದರು.

"ಯಾರೂ ಬರಲ್ವಾ?"

"ಬರ್ತಾರೆ. ಅವ್ರಿಗೂ ಕೆಲ್ಸ ಇರ್ತೈತಲ್ಲ."

ನನ್ನ ಮಗುವಿನ ಸುದ್ದಿ, ಅತ್ತೆಯ ಸುದ್ದಿ ಎಲ್ಲ ಬಿಡದೆ ಕೇಳಿದರು. ಅರ್ಧ ಗಂಟೆಗೆ, ಬಸ್ಸು ತಪ್ಪುತ್ತದೆಂದು ಎದ್ದೆ. ರಸ್ತೆಯವರೆಗೂ ಬಂದರು.

ಆ ಚಳಿಗಾಲದಲ್ಲೇ ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ಮಣ್ಣಾದ ಮೇಲೆ. ನಾನೇ ಬರೆದ ತಪ್ಪನ್ನು ನನ್ನ ಕೈಯಲ್ಲೇ ತಿದ್ದಿಸಿದವರು ಅವರು. ಅವರು ಉಳಿಸಿಕೊಟ್ಟ ಮನೆಯಲ್ಲಿ ಅವರ ಜೊತೆ ಕೂರಲು ನನಗೆ ಅರ್ಧ ಗಂಟೆಯಷ್ಟೇ ಸಿಕ್ಕಿತ್ತು. ಅವತ್ತು ಆ ಬಸ್ಸಿನ ನಂತರ ಇನ್ನೊಂದು ಬಸ್ಸಿತ್ತು. ಅದು ನನಗೆ ಗೊತ್ತಿತ್ತು.